ಶಿದ್ದಪ್ಪನ ಮಗ ಗಂಗಪ್ಪ

"ಒತ್ತಿ ಬರೀಬ್ಯಾಡ ಯವ್ವಾ, ಹಾಳಿ ತೂತ ಬಿದ್ದೀತು," ಎಂದ ಅರ್ಜುನಪ್ಪಜ್ಜ.

"ನಾ ಒತ್ತೇ ಇಲ್ಲರಿ ಅಜ್ಜಾ. ಟಾಕಿನ ಮುಳ್ಳ ಸೀಳೈತಿ," ಎಂದಳು ದೇವಕ್ಕ. ಲೇಖನಿಯ ಮುಳ್ಳನ್ನು ಉಟ್ಟ ಪರಕಾರದ ಅಂಚಿಗೆ ಒರೆಸಿ ಮತ್ತೆ ಮಸಿಯಲ್ಲಿ ಅದ್ದಿದಳು.

ಉಣಕಲ್ಲಿನ ಹಣಮಪ್ಪನ ಗುಡಿಯ ಕಟ್ಟೆ ಅದು. ಎದುರಿಗೆ ಬೇವಿನ ಮರ, ಮರದ ಬುಡದಲ್ಲಿ ಅಜ್ಜನ ಬಿಳಿ ಎತ್ತು. ದೇವಕ್ಕನ ಎಡಕ್ಕೆ ಹಳೆಯ ಹೊತ್ತಿಗೆ, ಬಲಕ್ಕೆ ಮಸಿಯ ದೌತಿ, ನಡುವೆ ಹೊಸ ವಹಿ. ಹಳೆಯದರಲ್ಲಿ ಓದಬೇಕು, ಹೊಸದರಲ್ಲಿ ಬರೆಯಬೇಕು. ಎಂಟು ದಿನಗಳಿಂದ ಶಾಲೆ ಬಿಟ್ಟ ಕೂಡಲೇ ಅವಳಿಗೆ ಇದೇ ಕೆಲಸ.

ಗುಡಿಯ ಮುಂದೆ ಬುಗುರಿ ಆಡುತ್ತಿದ್ದ ದತ್ತು ಕೂಗಿದ, "ಕಾರಕೂನಬಾಯಿ ಅವರ! ನಂದೂ ಒಂದು ಅರ್ಜಿ ಬರದು ಕೊಡ್ರಲಾ!"

ಉಳಿದ ಹುಡುಗರು ಹೋ ಎಂದು ನಕ್ಕರು.

"ನಿನ್ನ ಅರ್ಜಿ ನೀನ ಬರಕೊ. ಕಾಗುಣಿತ ಬಂದ್ರ!" ಎಂದಳು ದೇವಕ್ಕ, ತಲೆ ಎತ್ತದೆ.

ಅರ್ಜುನಪ್ಪಜ್ಜ ಹೆಳವರವನು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಊರೂರು ತಿರುಗುವವನು. ಒಂದೊಂದು ಮನೆಯ ಮುಂದೆ ನಿಂತು, ಆ ಮನೆಯ ಹಿರಿಯರ ಹೆಸರನ್ನು ಮೇಲಿನಿಂದ ಕೆಳಗಿನವರೆಗೆ ಒಂದೂ ಬಿಡದಂತೆ ರಾಗ ಮಾಡಿ ಹೇಳುವವನು. ಯಾರ ಮಗ ಯಾರು, ಆ ಮನೆತನ ಯಾವ ಊರಿಂದ ಬಂತು, ಎಲ್ಲವೂ ಅವನ ಹೊತ್ತಿಗೆಯಲ್ಲಿತ್ತು. ಊರಿನ ಮಂದಿ ತಮ್ಮ ಮುತ್ತಜ್ಜನ ಅಪ್ಪನ ಹೆಸರನ್ನು ಅವನ ಬಾಯಿಂದಲೇ ಕೇಳಬೇಕು. ಅವನು ಹೇಳಿದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುವಂತಿರಲಿಲ್ಲ.

ಆ ಹೊತ್ತಿಗೆಗೆ ಹೋದ ಮಳೆಗಾಲದಲ್ಲಿ ಒರಲೆ ಹಿಡಿದಿತ್ತು. ಅಜ್ಜನ ಕಣ್ಣಿಗೂ ಪೊರೆ ಬಂದಿತ್ತು. ಮೊಮ್ಮಗ ಇನ್ನೂ ಸಣ್ಣವನು, ಮುಂದೆ ಅವನು ಓದಿಯೇ ಹೇಳಬೇಕು. ಅದಕ್ಕೇ ಅಜ್ಜ ಶಾಲೆಗೆ ಬಂದು, "ನಿಮ್ಮ ಹುಡುಗರಾಗ ಯಾರರ ಒಬ್ಬರು ಹೊಸಾ ವಹಿಗೆ ಇಳಿಸಿ ಕೊಟ್ರ ಪುಣ್ಯಾ ಬರತೈತ್ರಿ," ಎಂದು ಯಜ್ಞೇಶ್ವರ ಮಾಸ್ತರರಿಗೆ ಕೈ ಮುಗಿದಿದ್ದ.

"ಯಾರು ಬರೀತೀರಿ?" ಎಂದು ಮಾಸ್ತರರು ಕೇಳಿದ್ದರು. ಹೊತ್ತಿಗೆಯ ದಪ್ಪ ನೋಡಿ ಹುಡುಗರೆಲ್ಲ ನೆಲ ನೋಡಿದರು. ಯಾವಾಗಲೂ ಮೊದಲು ಕೈ ಎತ್ತುವ, ಮಾಸ್ತರರ ಅಣ್ಣನ ಮಗ ದತ್ತು ಕೂಡ ಪಾಟಿ ಒರೆಸುವವನಂತೆ ಮಾಡಿದ. ಆಗ ದೇವಕ್ಕ ಎದ್ದಿದ್ದಳು. ನಾಲ್ಕನೆಯ ಇಯತ್ತೆಯಲ್ಲಿ ಅವಳದೇ ದುಂಡು ಅಕ್ಷರ.

"ನಾ ಬರೀತೀನ್ರಿ."

ಮನೆಯಲ್ಲಿ ಅಪ್ಪ ಗಂಗಪ್ಪನಿಗೆ ಅದು ಸರಿಬರಲಿಲ್ಲ. "ಕೇಳದ ಕರೀದ ಮೈಮ್ಯಾಲ ಹಾಕ್ಕೊಂಡು ಬಂದೀಯಲ್ಲಾ! ಊರ ಮಂದೀ ಹಿರ್ಯಾರ ಹೆಸರ ಅವು. ಒಂದ ತಪ್ಪಿದ್ರ ಯಾರ ಜವಾಬ್ದಾರಿ?" ಎಂದಿದ್ದ.

"ತಪ್ಪಂಗಿಲ್ಲಪ್ಪಾ," ಎಂದಿದ್ದಳು ಅವಳು.

ಇವತ್ತು ಒಂಬತ್ತನೆಯ ದಿನ. ಇನ್ನು ಮೂರೇ ಹಾಳೆ ಉಳಿದಿದ್ದವು. ಹಾಳೆ ಮಗುಚಿದಾಗ ದೇವಕ್ಕನ ಎದೆ ಢವ್ ಎಂದಿತು. ಅದು ಅವರದೇ ಮನೆಯ ಹಾಳೆ! ಅವಳು ಸರಿಯಾಗಿ ಕಾಲು ಮಡಿಸಿ ಕುಳಿತು, ಒಂದೊಂದೇ ಅಕ್ಷರವನ್ನು ತಿದ್ದಿ ತೀಡಿ ಇಳಿಸಿದಳು. ಮೇಲಿನ ಹೆಸರುಗಳು ಯಾವುವೂ ಅವಳು ಕೇಳಿದವಲ್ಲ. ಕೆಳಗೆ ಬರುತ್ತ ಬರುತ್ತ ಗುರುತಿನವು ಸಿಕ್ಕವು.

ಬಸವಂತಪ್ಪನ ಮಗ ಶಿದ್ದಪ್ಪ. ಶಿದ್ದಪ್ಪನ ಮಗ ಗಂಗಪ್ಪ.

ಶಿದ್ದಪ್ಪ ಅವಳ ಅಜ್ಜ, ಅವಳು ಹುಟ್ಟಿದ ವರ್ಷವೇ ತೀರಿಕೊಂಡವನು. ಗಂಗಪ್ಪ ಅವಳ ಅಪ್ಪ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಳೆಯ ಹೊತ್ತಿಗೆಯಲ್ಲಿ ಅದು ಮುಗಿದೇ ಇರಲಿಲ್ಲ. ಮತ್ತೆ ಗಂಗಪ್ಪನ ಮಗ ಶಿದ್ದಪ್ಪ ಎಂದಿತ್ತು. ಮತ್ತೆ ಶಿದ್ದಪ್ಪನ ಮಗ ಗಂಗಪ್ಪ ಎಂದಿತ್ತು. ಹಾಳೆಯ ಅಡಿಯವರೆಗೂ ಹಾಗೇ.

ದೇವಕ್ಕನಿಗೆ ನಗು ಬಂತು. ಅಜ್ಜ ಒಬ್ಬ, ಅಪ್ಪ ಒಬ್ಬ. ಬರೆದವನಿಗೆ ತೂಕಡಿಕೆ ಬಂದಿರಬೇಕು, ಪಾಪ! ಬರೆದದ್ದನ್ನೇ ಬರೆದುಬಿಟ್ಟಿದ್ದಾನೆ. ಶಾಲೆಯಲ್ಲಿ ಹಾಗೆ ಒಂದೇ ಸಾಲನ್ನು ಎರಡು ಸಲ ಬರೆದರೆ ಮಾಸ್ತರರು ಕೆಂಪು ಪೆನ್ಸಿಲಿನಿಂದ ಗೀಟು ಎಳೆದು, ರೂಲಿನಿಂದ ಬೆರಳಿಗೆ ಒಂದು ಕೊಡುತ್ತಿದ್ದರು. ಅವಳಿಗೂ ಒಮ್ಮೆ ಬಿದ್ದಿತ್ತು.

ಕೇಳೋಣವೆಂದು ತಲೆ ಎತ್ತಿದಳು. ಅಜ್ಜ ಎತ್ತಿಗೆ ನೀರು ಕುಡಿಸಲು ಹೋಗಿದ್ದ. ಇಂಥ ಸಣ್ಣ ಮಾತಿಗೆ ಕಾಯುವುದೇಕೆ? ಅವಳು ಒಂದೇ ಸಲ ಬರೆದಳು. ಹಾಳೆ ಅಚ್ಚುಕಟ್ಟಾಗಿ ಕಂಡಿತು.

ಶನಿವಾರ ಬರವಣಿಗೆ ಮುಗಿಯಿತು. ಯಜ್ಞೇಶ್ವರ ಮಾಸ್ತರರು ವಹಿಯನ್ನು ತಿರುವಿ ತಿರುವಿ ನೋಡಿದರು. "ಏನ್ ಅಕ್ಷರ ಅವ! ನೋಡೋ ದತ್ತೂ, ಮುತ್ತು ಪೋಣಿಸಿಧಾಂಗ ಅದ," ಎಂದರು. ದತ್ತು ಮೂಗು ತಿಕ್ಕಿಕೊಂಡ. ಮಾಸ್ತರರು ಅಕ್ಷರ ನೋಡಿದರೇ ಹೊರತು ಹಳೆಯದನ್ನೂ ಹೊಸದನ್ನೂ ಕೂಡಿಸಿ ನೋಡಲಿಲ್ಲ.

ಅಜ್ಜ ಹೊಸ ವಹಿಯನ್ನು ಕಣ್ಣಿಗೆ ಒತ್ತಿಕೊಂಡ. "ಸೋಮವಾರ ಮುಂಜಾನೆ ಹಳೇದನ್ನ ಕೆರಿಗೆ ಬಿಡ್ತೀನಿ. ಮಾರನೇ ದಿನ ಗಬ್ಬೂರಿಗೆ ಹೋಗ್ತೀನಿ," ಎಂದ.

"ಕೆರಿಗ್ಯಾಕರಿ ಅಜ್ಜಾ?"

"ಎರಡ ಹೊತಗಿ ಇರಬಾರದವಾ. ಇವತ್ತ ಇದೊಂದ ಹೇಳತೈತಿ, ನಾಳಿ ಅದೊಂದ ಹೇಳತೈತಿ. ಅಣ್ಣತಮ್ಮರು ಜಗಳಾ ಆಡತಾರ. ಹೊಸಾದ ತಯಾರಾದ ಕೂಡ್ಲೆ ಹಳೇದನ್ನ ನೀರಿಗೆ ಬಿಡೂದು ನಮ್ಮ ಪದ್ಧತಿ."

ಸೋಮವಾರ ಬಂತು. ಅವತ್ತು ಯಾರೂ ಎತ್ತು ಹೂಡುವುದಿಲ್ಲ. ಅಪ್ಪ ಹೊತ್ತು ಏರುವ ಮೊದಲೇ ಎತ್ತುಗಳ ಮೈ ತೊಳೆಯಲು ಕೆರೆಗೆ ಹೋಗಿದ್ದ. ಹೀಗಾಗಿ ತಮ್ಮನ ಹೆಸರು ಹಚ್ಚಿಸಲು ಅವ್ವನೇ ಶಾಲೆಗೆ ಬರಬೇಕಾಯಿತು. ತಮ್ಮನಿಗೆ ಆರು ವರ್ಷ. ಅವನು ಅವ್ವನ ಸೆರಗು ಹಿಡಿದವನು ಬಿಡಲೇ ಇಲ್ಲ.

ಮಾಸ್ತರರು ದೊಡ್ಡ ರಜಿಸ್ಟರ್ ತೆರೆದರು. "ಹುಡುಗನ ಹೆಸರೇನ್ರಿ?"

"ತಮ್ಮಣ್ಣ ಅಂತೀವ್ರಿ," ಎಂದಳು ಅವ್ವ ಶಿವಬಸವ್ವ.

"ಅದು ಮನ್ಯಾಗ ಕರಿಯೋ ಹೆಸರಾತು. ಖರೇ ಹೆಸರು ಹೇಳ್ರಿ."

ಅವ್ವ ಸೆರಗನ್ನು ಬಾಯಿಗೆ ಹಿಡಿದಳು. "ಅದು... ಅವರ ಹೆಸರರಿ."

"ಯಾರದು?"

"ಹಿರೇರದರಿ. ನಮ್ಮ ಮಾವನೋರದು."

"ಅವರ ಹೆಸರೇನು?"

"ಅಯ್ಯ, ಅದನ್ಹೆಂಗ ನನ್ನ ಬಾಯಿಲೆ ಹೇಳಲಿರಿ?" ಎಂದಳು ಅವ್ವ. ಬೆವರಿದ್ದಳು. "ನಮ್ಮ ಅತ್ತಿ ದುರಗವ್ವ ಅಂತ. ಅವರ ಮನಿಯವರ ಹೆಸರ ನೋಡ್ರಿ."

ತರಗತಿಯೆಲ್ಲ ನಕ್ಕಿತು. ಮಾಸ್ತರರೂ ನಗು ತಡೆದುಕೊಂಡರು. "ದೇವಕ್ಕ, ನೀ ಹೇಳು. ನಿಮ್ಮ ಅಜ್ಜನ ಹೆಸರೇನು?"

ದೇವಕ್ಕ ಎದ್ದು ನಿಂತಳು. "ಶಿದ್ದಪ್ಪ ಅಂತರಿ."

ಹೇಳಿ ಮುಗಿಸಿದ ಮೇಲೆ ಅವಳಿಗೇ ಅಚ್ಚರಿಯಾಯಿತು. ತಮ್ಮಣ್ಣನ ಹೆಸರು ಶಿದ್ದಪ್ಪನೇ? ಮನೆಯಲ್ಲಿ ಯಾರೂ ಅವನನ್ನು ಹಾಗೆ ಕರೆದದ್ದು ಕೇಳಿರಲಿಲ್ಲ. ಆಯಿ, ಅಂದರೆ ಅಪ್ಪನ ಅವ್ವ, ಕರೆಯುವಂತಿಲ್ಲ, ಅದು ಅವಳ ಗಂಡನ ಹೆಸರು. ಅವ್ವ ಕರೆಯುವಂತಿಲ್ಲ, ಮಾವನ ಹೆಸರು. ಅಪ್ಪನೂ ಕರೆಯುತ್ತಿರಲಿಲ್ಲ. ತನ್ನ ಅಪ್ಪನ ಹೆಸರು ಹಿಡಿದು ಮಗನನ್ನು ಬೈಯುವುದು ಹೇಗೆ?

ಮಾಸ್ತರರು ಟಾಕು ಅದ್ದಿ, ಬರೆಯುತ್ತ ಗಟ್ಟಿಯಾಗಿ ಓದಿದರು. "ಗಂಗಪ್ಪನ ಮಗ ಶಿದ್ದಪ್ಪ." ಆಮೇಲೆ ತಮ್ಮಣ್ಣನ ಗಲ್ಲ ಹಿಂಡಿ, "ಅಜ್ಜನ ಹೆಸರು ಮೊಮ್ಮಗನಿಗೆ! ಮುಂದ ನಿನ್ನ ಮಗ ಮತ್ತ ಗಂಗಪ್ಪ ಏನೋ ಹಿರಿಯಾ?" ಎಂದರು.

ಕೂರಲು ಹೋದ ದೇವಕ್ಕ ಹಾಗೇ ನಿಂತುಬಿಟ್ಟಳು.

ಗಂಗಪ್ಪನ ಮಗ ಶಿದ್ದಪ್ಪ. ಶಿದ್ದಪ್ಪನ ಮಗ ಗಂಗಪ್ಪ. ಹಳೆಯ ಹೊತ್ತಿಗೆಯ ಸಾಲುಗಳು ಕಣ್ಣ ಮುಂದೆ ಬಂದವು. ಬರೆದವನಿಗೆ ತೂಕಡಿಕೆ ಬಂದಿರಲಿಲ್ಲ. ಅವನು ಬರೆದದ್ದನ್ನೇ ಬರೆದಿರಲಿಲ್ಲ. ಅವರೆಲ್ಲ ಬೇರೆ ಬೇರೆ ಮನುಷ್ಯರು. ಅಜ್ಜನಿಗೆ ಅವನ ಅಜ್ಜನ ಹೆಸರು, ಅಪ್ಪನಿಗೆ ಅವನ ಅಜ್ಜನ ಹೆಸರು. ಆ ಮಂದಿಯನ್ನೆಲ್ಲ ಅವಳು ಬಿಟ್ಟುಬಿಟ್ಟಿದ್ದಳು.

ಮತ್ತು ಇವತ್ತು ಸೋಮವಾರ.

"ಮಾಸ್ತರ, ಒಂದಕ್ಕ ಹೋಗಿ ಬರ್ತೀನ್ರಿ," ಎಂದಳು. ಹೂಂ ಎನ್ನುವ ಮೊದಲೇ ಅಂಗಳಕ್ಕೆ ಇಳಿದಿದ್ದಳು.

"ಒಂದಕ್ಕ ಆ ಕಡೆ ಅಲ್ಲಲೇ ಕಾರಕೂನಬಾಯಿ!" ಎಂದು ದತ್ತು ಕಿಟಕಿಯಿಂದ ಕೂಗಿದ. ಅವಳು ತಿರುಗಿ ನೋಡಲಿಲ್ಲ.

ಓಡಿದಳು. ಗುಡಿಯ ಕಟ್ಟೆಯ ಮೇಲೆ ಅಜ್ಜ ಇರಲಿಲ್ಲ. ಬೇವಿನ ಮರದ ಕೆಳಗೆ ಎತ್ತೂ ಇರಲಿಲ್ಲ, ಹಸಿ ಸಗಣಿ ಇತ್ತು. ಹಾಗಾದರೆ ಈಗಷ್ಟೇ ಹೋಗಿದ್ದಾನೆ! ಅವಳು ಓಣಿ ದಾಟಿ, ದಾರಿಯಲ್ಲಿ ಹೋಗುತ್ತಿದ್ದ ಎಮ್ಮೆಗಳ ನಡುವೆ ನುಸುಳಿ, ಮುಳ್ಳಿನ ಬೇಲಿಗೆ ಪರಕಾರ ಸಿಕ್ಕಿದ್ದನ್ನು ಜಗ್ಗಿ ಬಿಡಿಸಿಕೊಂಡು ಓಡಿದಳು. ಪರ್ ಎಂದು ಹರಿದ ಸದ್ದಾಯಿತು. ಹರಿದರೆ ಹರಿಯಲಿ. ಅಜ್ಜಾ ತಡೀರಿ, ಅಜ್ಜಾ ತಡೀರಿ, ಎಂದು ಬಾಯಿ ತಾನೇ ಅನ್ನುತ್ತಿತ್ತು. ಆದರೆ ದಮ್ಮು ಹತ್ತಿ ಸದ್ದೇ ಹೊರಡುತ್ತಿರಲಿಲ್ಲ.

ಕೆರೆಯ ಏರಿ ಹತ್ತಿದಾಗ ಕಂಡಿತು. ಅಜ್ಜ ಮೊಣಕಾಲು ಮಟ ನೀರಲ್ಲಿ ನಿಂತಿದ್ದ. ಕೈಯಲ್ಲಿ ಕೆಂಪು ಬಟ್ಟೆಯ ಗಂಟು. ಗಂಟಿಗೆ ಕಲ್ಲು ಕಟ್ಟಿತ್ತು.

"ಅಜ್ಜಾ!" ಎಂದಳು.

ಅಜ್ಜನ ಕೈ ಬೀಸಿತು. ಗಂಟು ದೂರ ಹೋಗಿ ಬಿತ್ತು. ಗುಳುಗುಳು ಎಂದು ನಾಲ್ಕು ಗುಳ್ಳೆ ಎದ್ದವು. ನೀರಿನ ಬಳೆಗಳು ದೊಡ್ಡವಾಗುತ್ತ ಬಂದು ದಂಡೆಗೆ ಮುಟ್ಟಿ ಇಲ್ಲವಾದವು.

"ಬಾ ನನ್ನವ್ವಾ," ಎಂದ ಅಜ್ಜ, ಧೋತರ ಹಿಂಡುತ್ತ. ಅವನ ಮುಖದಲ್ಲಿ ದೊಡ್ಡ ಕೆಲಸ ಮುಗಿದ ಸಮಾಧಾನವಿತ್ತು. "ನಿನ್ನ ನೆನಸಾಕತ್ತಿದ್ನಿ ನೋಡು, ನೂರು ವರ್ಷ ಆಯುಷ್ಯ ನಿನಗ."

ಸ್ವಲ್ಪ ದೂರದಲ್ಲಿ ಅಪ್ಪ ಎತ್ತಿನ ಬೆನ್ನು ತಿಕ್ಕುತ್ತಿದ್ದವನು ತಲೆ ಎತ್ತಿದ. "ಸಾಲಿ ಬಿಟ್ಟು ಇಲ್ಲ್ಯಾಕ ಬಂದಿ?"

ದೇವಕ್ಕ ನಿಂತಳು. ಹಳೆಯ ಹೊತ್ತಿಗೆ ಕೆರೆಯ ತಳದಲ್ಲಿತ್ತು. ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಅಜ್ಜನ ಕಣ್ಣಿಗೆ ಪೊರೆ. ಮಾಸ್ತರರು ಶಹಬಾಸ್ ಅಂದಾಗಿತ್ತು. ಸುಮ್ಮನೆ ತಿರುಗಿ ಶಾಲೆಗೆ ಹೋದರೆ ಒಂದಕ್ಕೆ ಹೋಗಿ ತಡವಾಯಿತು ಎಂದು ಒಂದು ಏಟು ಬೀಳಬಹುದು, ಅಷ್ಟೇ.

ಅಜ್ಜ ದಂಡೆಯ ಮೇಲಿಟ್ಟಿದ್ದ ಹೊಸ ವಹಿಯನ್ನು ಎತ್ತಿಕೊಂಡು, ಒದ್ದೆ ತಾಗದಂತೆ ಎದೆಗೆ ಹಿಡಿದ.

"ಅಜ್ಜಾ, ನಾ ತಪ್ಪ ಮಾಡೇನ್ರಿ," ಎಂದಳು ದೇವಕ್ಕ. ಹೇಳುವುದಕ್ಕೆ ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. "ನಮ್ಮ ಮನೀ ಹಾಳ್ಯಾಗ ಶಿದ್ದಪ್ಪ ಗಂಗಪ್ಪ ಅಂತ ಮತ್ತ ಮತ್ತ ಇತ್ತರಿ. ಬರದಾವರು ತಪ್ಪಿ ಎರಡೆರಡ ಸಲ ಬರದಾರ ಅಂತ ತಿಳಕೊಂಡು ನಾ ಒಂದ ಸಲ ಬರದೆ. ನಿಮ್ಮನ್ನ ಕೇಳಲಿಲ್ಲರಿ..."

ಅಪ್ಪ ಕೈಯಲ್ಲಿದ್ದ ಹುಲ್ಲಿನ ಸಿಂಬಿಯನ್ನು ನೀರಿಗೆ ಒಗೆದು ಬಂದ. ಅವಳು ಕಣ್ಣು ಮುಚ್ಚಿಕೊಂಡಳು. ಹೊಡೆತ ಬೀಳಲಿಲ್ಲ. ಅಜ್ಜ ಕೈ ಅಡ್ಡ ಹಿಡಿದಿದ್ದ.

"ತಡಿಯೋ ಗಂಗಪ್ಪ. ಎಷ್ಟ ಸುತ್ತ ಇತ್ತವಾ? ನೆನಪ ಮಾಡಿ ಹೇಳು."

"ಎರಡ... ಮೂರೂ ಇರಬಹುದರಿ..." ಒರಲೆ ತಿಂದ ತೂತು ನೆನಪಿತ್ತು, ಮಸಿ ಮಾಸಿದ್ದೂ ನೆನಪಿತ್ತು. ಎಷ್ಟು ಸಾಲು ಅನ್ನುವುದು ಮಾತ್ರ ಎಷ್ಟು ತಿಣುಕಿದರೂ ಕಾಣಲೊಲ್ಲದು.

ಅಜ್ಜ ಕಣ್ಣು ಮುಚ್ಚಿ, ಬಲಗೈಯನ್ನು ಕಿವಿಗೆ ಹಚ್ಚಿ, ರಾಗ ಎತ್ತಿದ. "ಬಸವಂತಪ್ಪನ ಮಗ ಶಿದ್ದಪ್ಪಾ... ಶಿದ್ದಪ್ಪನ ಮಗ ಗಂಗಪ್ಪಾ... ಗಂಗಪ್ಪನ ಮಗ ಶಿದ್ದಪ್ಪಾ..." ಹೇಳುತ್ತಲೇ ಹೋದ. ಮೂರು ಸುತ್ತಾಯಿತು, ನಾಲ್ಕಾಯಿತು, ಐದಾಯಿತು. ಥಟ್ಟನೆ ನಿಲ್ಲಿಸಿದ.

"ಎಲ್ಲಿ ನಿಂದರಬೇಕು ತಿಳೀವಲ್ದು," ಎಂದ, ಸಣ್ಣ ದನಿಯಲ್ಲಿ. "ನಿಮ್ಮ ಮನೀ ಹೆಸರು ಗಾಣದ ಎತ್ತಿನಂಗ ಸುತ್ತತಾವ. ಅದಕ್ಕ ನಮ್ಮಪ್ಪ ಇದನ್ನ ಬರದ ಇಟ್ಟಿದ್ದ. ನಿಮ್ಮ ಮನೀ ಮುಂದ ಬಂದಾಗ ನಾನೂ ನೋಡೇ ಹೇಳ್ತಿದ್ದೆ."

ಅಪ್ಪ ಬೆರಳು ಮಡಿಸಿದ. "ನಮ್ಮಪ್ಪ ಶಿದ್ದಪ್ಪ. ಅವರಪ್ಪ ಗಂಗಪ್ಪ, ನನಗ ಅವನ ಹೆಸರ ಇಟ್ಟಾರ. ಅವರಪ್ಪ ಶಿದ್ದಪ್ಪ ಇರಬೇಕು. ಮುಂದ..." ಬೆರಳು ನಿಂತಿತು. "ಇರಲಿ ಬಿಡಜ್ಜಾ, ಎರಡ ಸುತ್ತ ಅಂತ ಬರಸು. ಯಾರ ಬಂದು ಕೇಳತಾರ?"

"ಅಂದಾಜಿಲೆ ಹೇಳೂ ಕೆಲಸ ಅಲ್ಲಪಾ ಇದು," ಎಂದ ಅಜ್ಜ. "ಇಲ್ಲದವರನ್ನ ಹುಟ್ಟಸಾಕೂ ಬರಂಗಿಲ್ಲ, ಇದ್ದವರನ್ನ ಅಳಸಾಕೂ ಬರಂಗಿಲ್ಲ. ಗಟ್ಟಿ ಆಗಲಿಲ್ಲಂದ್ರ ನಿಮ್ಮ ಹಾಳಿ ಖಾಲಿ ಇಡ್ತೀನಿ. ಬರೂ ವರ್ಷದಿಂದ ನಿಮ್ಮ ಮನೀ ಮುಂದ ನನ್ನ ಎತ್ತ ನಿಂದರಂಗಿಲ್ಲ."

ಅಜ್ಜ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ದೇವಕ್ಕನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಊರಿನ ಎಲ್ಲ ಮನೆಯ ಮುಂದೆ ನಿಂತು ಹಾಡುವ 'ಎತ್ತಿನ ಅಜ್ಜ' ತಮ್ಮ ಮನೆ ಬಂದಾಗ ಮುಖ ತಿರುಗಿಸಿ ಮುಂದೆ ಹೋಗುವುದು ಅವಳಿಗೆ ಕಂಡಂತಾಯಿತು. ಓಣಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಾರೆ. ಅಪ್ಪ ತಲೆ ತಗ್ಗಿಸುತ್ತಾನೆ.

"ಯವ್ವನ್ನ ಕೇಳೂಣ ನಡೀರಿ," ಎಂದ ಅಪ್ಪ.

ಮನೆಯ ಅಂಗಳದಲ್ಲಿ ಆಯಿ ದುರಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಮ್ಮಣ್ಣನನ್ನು ಶಾಲೆಯಲ್ಲಿ ಬಿಟ್ಟು ಬಂದ ಅವ್ವ ಬಾಗಿಲಲ್ಲಿದ್ದಳು. ಅಜ್ಜ ಕಟ್ಟೆಯ ಮೇಲೆ ಕುಳಿತು ನಡೆದದ್ದನ್ನು ಹೇಳಿದ.

"ಯವ್ವಾ, ನಮ್ಮ ಹಿರ್ಯಾರ ಹೆಸರ ನಿನಗ ಗೊತ್ತದಾವನು?" ಎಂದು ಅಪ್ಪ ಕೇಳಿದ. "ನಮ್ಮ ಮುತ್ಯಾ, ಅವನ ಅಪ್ಪ, ಅವನ ಅಪ್ಪ?"

ಆಯಿ ಮೊರ ಕೆಳಗಿಟ್ಟಳು. "ಗೊತ್ತಿದ್ರ ಏನ್ ಬಂತು? ಎಲ್ಲಾ ಅವ ಎರಡ ಹೆಸರ. ಒಂದು ನಿಮ್ಮಪ್ಪಂದು, ಒಂದು ನಮ್ಮ ಮಾವಂದು. ಎರಡೂ ನಾ ಹೇಳೂ ಹಂಗಿಲ್ಲ. ಹೇಳದನ್ನ ನಾ ಎಣಸೂದರ ಹೆಂಗ?"

ಅಜ್ಜ ನಿಟ್ಟುಸಿರು ಬಿಟ್ಟ. ವಹಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಒಂದು ಸುತ್ತು, ಎರಡು ಸುತ್ತು. ಗಂಟು ಹಾಕುವುದೊಂದೇ ಉಳಿದಿತ್ತು.

ದೇವಕ್ಕನಿಗೆ ಮುಂಜಾನೆ ಅವ್ವ ಮಾಸ್ತರರ ಮುಂದೆ ಬೆವರಿದ್ದು ಕಣ್ಣಿಗೆ ಬಂತು. ಮಾವನ ಹೆಸರು ಹೇಳಲಾರದೆ ಅವ್ವ ಏನು ಹೇಳಿದ್ದಳು? ನಮ್ಮ ಅತ್ತಿ ದುರಗವ್ವ, ಅವರ ಮನಿಯವರು.

"ಆಯೀ," ಎಂದಳು ಮೆಲ್ಲಗೆ. "ಗಂಡಸರ ಹೆಸರ ಬ್ಯಾಡ. ನಿನ್ನ ಅತ್ತಿ ಹೆಸರ ಹೇಳಬಹುದಲ್ಲಾ?"

"ನಮ್ಮತ್ತೀದನು? ಅದಕ್ಕೇನ ಧಾಡಿ? ಹನುಮವ್ವ."

"ಆಕಿ ಅತ್ತಿ?"

ಆಯಿ ಅವಳನ್ನೊಮ್ಮೆ ನೋಡಿದಳು. ಆಮೇಲೆ ಮೊರದಿಂದ ಒಂದು ಜೋಳದ ಕಾಳು ಎತ್ತಿ ಕಟ್ಟೆಯ ಮೇಲಿಟ್ಟಳು. "ಇದು ನಿಮ್ಮವ್ವ, ಶಿವಬಸವ್ವ." ಅದರ ಮುಂದೆ ಇನ್ನೊಂದು ಕಾಳು. "ಇದು ನಾನು. ಇದು ನಮ್ಮತ್ತಿ ಹನುಮವ್ವ. ಆಕಿ ಅತ್ತಿ ದೇವಕ್ಕ. ದೇವಕ್ಕನ ಅತ್ತಿ ಬಾಳವ್ವ."

"ಇಷ್ಟ ಹೆಂಗ ನೆನಪ ಇಟ್ಟೀಬೇ?" ಎಂದ ಅಪ್ಪ, ಬಾಯಿ ತೆರೆದುಕೊಂಡು.

"ವರ್ಷಾ ಹಿರ್ಯಾರ ಹಬ್ಬದಾಗ ಎಲಿ ಇಡೂ ಮುಂದ ಯಾರ ಕರೀತಾರೋ? ನೀ ಕರೀತೀಯನು? ನೀ ಉಂಡ ಹೋಗ್ತಿ. ನಾವ ಅಲ್ಲೇನು, ಒಂದೊಂದ ಎಲಿಗೆ ಒಂದೊಂದ ಹೆಸರ ಹಿಡದು, ಬಾ ಯವ್ವಾ ಉಣ್ಣು, ಅನ್ನಾವರು?" ಆಯಿ ಇನ್ನೊಂದು ಕಾಳು ಎತ್ತಿದಳು. ಅದನ್ನೂ ಸಾಲಿಗೆ ಸೇರಿಸಿದಳು. "ಬಾಳವ್ವನ ಅತ್ತಿ ಹೆಸರ ನಮಗ್ಯಾರೂ ಹೇಳಲಿಲ್ಲ. ಅಮ್ಮಿನಬಾವಿಯಿಂದ ಬಂದಾಕಿ. ಅಮ್ಮಿನಬಾವಿ ಅವ್ವಾ ಅಂತನ ಕರದು ಎಲಿ ಇಡತೇವಿ. ಆಕೀ ಮಾವನ ಹೆಸರ ನಾ ಹೇಳಬಹುದು. ಬಸವಂತಪ್ಪ. ಅದರ ಮ್ಯಾಲ ನನಗ ಗೊತ್ತಿಲ್ಲ."

ಕಟ್ಟೆಯ ಮೇಲೆ ಆರು ಕಾಳು ಸಾಲಾಗಿ ಇದ್ದವು.

ಅಜ್ಜ ಬಗ್ಗಿ, ಪೊರೆ ಬಂದ ಕಣ್ಣನ್ನು ಕಾಳಿನ ಹತ್ತಿರ ತಂದು, ಬೆರಳಿನಿಂದ ಒಂದೊಂದನ್ನೇ ಮುಟ್ಟಿದ. "ಅಮ್ಮಿನಬಾವಿಯಾಕೀ ಗಂಡ ಶಿದ್ದಪ್ಪ. ಬಾಳವ್ವನ ಗಂಡ ಗಂಗಪ್ಪ. ದೇವಕ್ಕನ ಗಂಡ ಶಿದ್ದಪ್ಪ. ಹನುಮವ್ವನ ಗಂಡ ಗಂಗಪ್ಪ. ದುರಗವ್ವನ ಗಂಡ ಶಿದ್ದಪ್ಪ. ಶಿವಬಸವ್ವನ ಗಂಡ..." ತಲೆ ಎತ್ತಿ ಅಪ್ಪನನ್ನು ನೋಡಿದ. "ನೀ ಇಲ್ಲೇ ನಿಂತೀ. ಮೂರ ಸುತ್ತ. ಬರೋಬ್ಬರಿ ಮೂರು."

ಅವನು ವಹಿಯ ಬಟ್ಟೆ ಬಿಚ್ಚಿದ. "ದೌತಿ ತೊಗೊಂಡ ಬಾ."

ದೇವಕ್ಕ ತಂದಳು. ಅಜ್ಜ ಅವರ ಮನೆಯ ಹಾಳೆ ತೆಗೆಸಿ, "ಇದನ್ನ ಹೊಡದ ಹಾಕು," ಎಂದ. ಅವಳ ಎಲ್ಲಕ್ಕಿಂತ ಚಂದದ ಹಾಳೆ ಅದು. ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಅವಳೇ ಗೀಟು ಎಳೆದಳು. ಟಾಕು ಕರ್ ಎಂದಿತು. ಅದರ ಬೆನ್ನಿನ ಹಾಳೆ, ಮುಂದೆ ಹುಟ್ಟುವವರಿಗೆಂದು ಬಿಟ್ಟದ್ದು, ಖಾಲಿ ಇತ್ತು.

"ಮೊದಲಿಂದ ಬರಿ. ಬಸವಂತಪ್ಪನ ಮಟಾ ಇದ್ದದ್ದ ಇಳಸು, ಅಲ್ಲಿಂದ ಮುಂದ ಗಂಡಸಿನ ಬಾಜೂಕ ಆತನ ಹೇಣ್ತಿ ಹೆಸರೂ ಬರಿ."

"ಹಳೇದರಾಗ ಹೆಣ್ಣಮಕ್ಕಳ ಹೆಸರ ಇರಲಿಲ್ಲಲ್ಲರಿ ಅಜ್ಜಾ?"

"ಇರಲಿಲ್ಲ," ಎಂದ ಅಜ್ಜ. ಗಡ್ಡ ಕೆರೆದುಕೊಂಡ. "ನಮ್ಮಪ್ಪಗ ಹೊಳೀಲಿಲ್ಲ. ನನಗೂ ಹೊಳದಿರಲಿಲ್ಲ. ಬರಿ, ಬರಿ."

ಶಾಲೆಯ ಕಡೆಯಿಂದ ತಮ್ಮಣ್ಣ ಓಡುತ್ತ ಬಂದ. "ಅಕ್ಕಾ! ಮಾಸ್ತರ ನಿನ್ನ ಹುಡಕಾಕತ್ತಾರ! ಒಂದಕ್ಕ ಹೋದಾಕಿ ಧಾರವಾಡಕ್ಕ ಹೋದ್ಲನು ಅಂತ ಕೇಳಾಕತ್ತಾರ!"

"ಬಂದ್ಲಂತ ಹೇಳು ಹೋಗಲೇ, ಶಿ..." ಎಂದು ಶುರು ಮಾಡಿದ ಅವ್ವ, ನಾಲಿಗೆ ಕಚ್ಚಿಕೊಂಡಳು. ಆಯಿ ಕಿಸಕ್ಕನೆ ನಕ್ಕಳು. ತಮ್ಮಣ್ಣನಿಗೆ ಏನೂ ತಿಳಿಯಲಿಲ್ಲ. ಅವನು ಬಂದ ಹಾಗೆಯೇ ಓಡಿಹೋದ.

ದೇವಕ್ಕ ಬರೆಯುತ್ತಿದ್ದಳು. ಹೆದರಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದೊಂದು ಹೆಸರು ಬರೆದ ಮೇಲೂ ಕಾಳುಗಳನ್ನು ನೋಡುತ್ತಿದ್ದಳು, ಗಟ್ಟಿಯಾಗಿ ಓದುತ್ತಿದ್ದಳು. ಅಜ್ಜ ಹೂಂ ಎಂದ ಮೇಲೆಯೇ ಮುಂದಿನದು.

ಶಿದ್ದಪ್ಪ, ಹೆಂಡತಿ ಅಮ್ಮಿನಬಾವಿಯಿಂದ ಬಂದಾಕೆ. ಶಿದ್ದಪ್ಪನ ಮಗ ಗಂಗಪ್ಪ, ಹೆಂಡತಿ ಬಾಳವ್ವ. ಗಂಗಪ್ಪನ ಮಗ ಶಿದ್ದಪ್ಪ, ಹೆಂಡತಿ...

ಟಾಕು ನಿಂತಿತು.

"ಆಯೀ, ಈಕಿ ಹೆಂಗ ಇದ್ಲು?"

"ಯಾರು, ದೇವಕ್ಕನು? ನಾ ನೋಡಿಲ್ಲವಾ. ನಮ್ಮತ್ತಿ ಹೇಳತಿದ್ರು. ಎಡಗೈಯಾಕಿ ಅಂತ. ರೊಟ್ಟಿ ಬಡದ್ರ ಎಡಗೈಲೆ. ಮದಿವ್ಯಾಗಿ ಬಂದಾಗ ಒಂಬತ್ತ ವರ್ಷದಾಕಿ, ಮೂರ ದಿನಾ ತೊಲಿ ಕಂಬಾ ಹಿಡಕೊಂಡು ಅತ್ತಳಂತ, ಕಂಬಾ ಬಿಡವಲ್ಲಂತ."

ದೇವಕ್ಕ ಪಡಸಾಲೆಯ ಕಂಬವನ್ನು ನೋಡಿದಳು. ದಿನಾ ಅದಕ್ಕೆ ಒರಗಿ ಕುಳಿತು ಪಾಠ ಓದುತ್ತಿದ್ದಳು. ಕೈ ತಾಗಿ ತಾಗಿ ಕಂಬ ನುಣ್ಣಗಾಗಿತ್ತು.

ತನ್ನ ಹೆಸರನ್ನು ಅವಳು ಪಾಟಿಯ ಮೇಲೆ, ಗೋಡೆಯ ಮೇಲೆ, ಕೆರೆಯ ಮರಳಿನ ಮೇಲೆ ಎಷ್ಟು ಸಲ ಬರೆದಿದ್ದಳೋ ಲೆಕ್ಕವಿಲ್ಲ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲಳು. ಇವತ್ತು ಮಾತ್ರ ಒಂದೊಂದು ಅಕ್ಷರವನ್ನೂ ಮೊದಲ ಸಲ ಕಲಿಯುವವಳಂತೆ, ನಿಧಾನವಾಗಿ, ಯಾರನ್ನೋ ಎಬ್ಬಿಸದ ಹಾಗೆ ಬರೆದಳು.

ದೇವಕ್ಕ.

"ಯಾಕ ನಿಂತೀ?" ಎಂದಳು ಆಯಿ.

"ಏನಿಲ್ಲಬೇ. ಮಸಿ ಆರಲಿ," ಎಂದಳು ಅವಳು.